ಮುನೇಶ್ ಚಿಕ್ಕಪ್ಪನ ಟೇಪು

ಲೇ, ನಗ್ಬ್ಯಾಡ ಕಣ್ಲಾ. ಆ ಟಾರ್ಚ್ ಆರ್ಸು, ಹೇಳ್ತೀನಿ. ಇದು ಯಾರ್ಗೋ ಆಗಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳು ಚೈತ್ರಂಗೇ ಆಗಿದ್ದು.

ಅವಳು ಆರ್ಕಿಟೆಕ್ಚರ್ ಓದ್ತಾವಳೆ. ಸಿಮೆಂಟ್ ಇಲ್ದೆ ಊರೋರೆಲ್ಲ ಸೇರಿ ಮಣ್ಣಲ್ಲಿ ಹೆಂಗ್ ಕಟ್ತಿದ್ರು ಅಂತ ನೋಡಕ್ಕೆ ಹೋದ್ ವರ್ಸ ಕಾಲೇಜಿನ ಹದಿನೈದು ಜನ ರಾಮನಗರಕ್ಕೆ ಬಂದಿದ್ರು. ಪೇಟೆ ಹಿಂದೆ ಹಳೇ ಮಣ್ಣಿನ ಛತ್ರ ಐತೆ. ನಮ್ಮೂರು ಕೈಲಾಂಚದೋರು ರೇಷ್ಮೆ ಗೂಡು ಮಾರಕ್ಕೆ ಹೋದ್ರೆ ಅಲ್ಲೇ ಮಲಗ್ತಿದ್ರು. ಅದರ ಅಳತೆ ತಗೀಬೇಕಿತ್ತು.

ಚೈತ್ರನ ಕೈಲಿ ಅವರಪ್ಪನ ಟೇಪು. ಮುನೇಶ್ ಚಿಕ್ಕಪ್ಪ ಗಾರೆ ಮೇಸ್ತ್ರಿ, ಸತ್ತು ಮೂರು ವರ್ಸ. ಅವನದು ಅಂತ ಉಳಿದಿದ್ದು ಅದೊಂದೇ. ಯಾರ್ ಕೈಗೂ ಕೊಡ್ತಿರ್ಲಿಲ್ಲ ಹುಡುಗಿ.

ಮುಸ್ಸಂಜೆ. ಬಸ್ ಹೊರಡೋ ಹೊತ್ತು. ಕಡೇ ಕೋಣೆ ಒಂದೇ ಬಾಕಿ, ಒಳಗೆ ಗವ್ವಂತ ಕತ್ಲು. ಟೇಪಿನ ತುದಿ ಚಾಚಿ ಗೆಳತೀಗೆ, "ಸಿರಿ, ಹಿಡ್ಕಳೇ" ಅಂದ್ಲು. ಯಾರೋ ಇಸ್ಕಂಡ್ರು. ಪರಪರಪರ... ಬಿಚ್ಕಂತು. ಟಕ್. ನಿಂತ್ಕತು.

"ಗೋಡೆಗೆ ತಾಗ್ತಾ?"

"ಹೂಂ..."

ಹದಿನಾಲ್ಕು ಅಡಿ. ಬರ್ಕಂಡ್ಲು.

"ಬುಡು, ಸುತ್ಕತೀನಿ."

ಬುಡ್ಲಿಲ್ಲ. ಇವಳು ಎಳುದ್ರೆ ಅಲ್ಲಿಂದ್ಲೂ ಎಳೀತಾವ್ರೆ. ಒಂದು ಹೆಜ್ಜೆ ಒಳಕ್ಕೋದ್ಲು... ಇನ್ನೊಂದು...

"ಏಯ್, ಆಟ ಆಡ್ಬ್ಯಾಡ. ಅಪ್ಪಂದು ಅದು, ಕಿತ್ತೋಯ್ತದೆ!"

ಆಗ ಬೆನ್ನ ಹಿಂದೆ, ಬಾಗ್ಲಲ್ಲಿ... "ಯಾರತ್ರ ಮಾತಾಡ್ತಿದೀಯೆ ಚೈತ್ರಾ? ಬಸ್ ಬಂತು."

ಸಿರಿ.

ಅಯ್ಯೋ ಶಿವನೇ! ನಾನಾಗಿದ್ರೆ ಎಸೆದು ಓಡ್ತಿದ್ದೆ. ಇವಳು ಬುಡ್ಲಿಲ್ಲ ಕಣ್ಲಾ! ಎರಡು ಕೈಲೂ ಹಿಡ್ಕಂಡು ಅಳ್ತಾವಳೆ. ಟೇಪಿನ ಪಟ್ಟಿ ಅಂಗೈ ಕುಯ್ದು ರಕ್ತ. ಸಿರಿ ಸೊಂಟ ತಬ್ಕಂಡು ಹಿಂದಕ್ಕೆ ಎಳುದ್ಲು. ಕೈ ಜಾರ್ತು. ಸರ್ರ್ರ್... ಟೇಪು ಪೂರ್ತಿ ಕತ್ಲೊಳಕ್ಕೆ ಹೋಯ್ತು. ಆಮೇಲೆ ಎಲ್ಲೋ ಕೆಳಗೆ... ಡುಬುಕ್.

ಹುಡುಗಿ ಎರಡು ದಿನ ಅನ್ನ ಮುಟ್ಲಿಲ್ಲ. ನೋಡಕ್ಕಾಗ್ದೆ ನಾನೇ ಹುಡುಕಕ್ಕೋದೆ. ಆ ಕೋಣೆ ಇರೋದೇ ಒಂಬತ್ತಡಿ! ಎದುರಿಗೆ ಮಣ್ಣಿನ ಗೋಡೆ, ಒಂದು ಬಿರುಕಿಲ್ಲ. ಗೋಡೆ ಆಚೆಗೆ ಹಳೇ ಬಾವಿ. ಮೇಲೆ ಮುಚ್ಚಿದ್ದ ಚಪ್ಪಡಿಗೆ ಆಲದ ಬೇರು ಹಬ್ಕಂಡಿತ್ತು. ಬೇರು ಕಡಿದು ನಾಕು ಜನ ಸೇರಿ ಸರಿಸಿದ್ವಿ. ಟೇಪು ಒಳಗಿನ ಮೆಟ್ಲ ಮೇಲಿತ್ತು. ನೀಟಾಗಿ ಸುತ್ತಿಟ್ಟಿತ್ತು.

ತಂದು ಕೊಟ್ರೆ ಚೈತ್ರ ಕೈ ಹಿಂದಕ್ಕೆ ಕಟ್ಕಂಡ್ಲು. "ಬ್ಯಾಡ ಅಣ್ಣ" ಅಂದ್ಲು, ಅಷ್ಟೇ.

ಸುಳ್ಳು ಹೇಳಿ ನಂಗೇನ್ಲಾ ಬರ್ಬೇಕು? ನಮ್ಮನೇಲೇ ಐತೆ, ನಾಳೆ ಬಂದು ಎಳೆದ್ ನೋಡು. ವರ್ಸಾಯ್ತು... ಹದಿನಾಲ್ಕು ಅಡಿವರ್ಗೂ ಇನ್ನೂ ಒದ್ದೆ.