ಟಿಕ್ ಅನ್ನದ ಪ್ರೆಸ್ಸು

ಮೊಬೈಲ್ ಲೈಟ್ ಆರಿಸೇ ಮಾಲಿನಿ. ಕರೆಂಟು ಬರೋವಾಗ ಬತ್ತದೆ. ಇದನ್ನ ಬೆಳಕಲ್ಲಿ ಹೇಳೋಕೆ ನಂಗೆ ಆಗಲ್ಲ. ಮೊದಲೇ ಹೇಳ್ಬುಡ್ತೀನಿ, ಮಧ್ಯೆ ನಗೋರು ಈಗಲೇ ಕೆಳಕ್ಕೆ ಹೋಗಿ ಮಲಗಿ. ಇದು ನಮ್ಮ ಚಿಕ್ಕಮ್ಮನ ಮಗ ಕಿರಣಂಗೆ ಆಗಿದ್ದು. ಅವನು ಸುಳ್ಳು ಹೇಳೋನಲ್ಲ. ಸುಳ್ಳು ಹೇಳೋಕೂ ಒಂಚೂರು ಧೈರ್ಯ ಬೇಕಲ್ಲ, ಅದೂ ಇಲ್ಲ ಅವನಿಗೆ.

ಅವನ ರೂಮು ಹೊಸೂರು ಪಕ್ಕ ಮತ್ತಿಗಿರೀಲಿ. ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಬತ್ತಾ ಇದ್ದ. ಕಂಪನಿ ಬಸ್ಸು ಮೇನ್ ರೋಡಲ್ಲಿ ಇಳಿಸ್ಬುಟ್ಟು ಹೋಯ್ತು. ಅಲ್ಲಿಂದ ಒಳಕ್ಕೆ ನಡೀಬೇಕು. ದಾರೀಲಿ ಒಂದು ಹಳೇ ಬಾವಿ ಐತೆ. ಸೈಟು ಮಾಡಿದೋರು ಮುಚ್ಚೋಕೆ ಹೋಗಿ, ಏನೋ ಅಡ್ಡಿ ಬಂತು ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿ ಬಿಟ್ಟವ್ರೆ. ಅಲ್ಲಿಗೆ ಬಂದ...

ಟಿಕ್.

ನಿಂತ. ಸುತ್ತ ನೋಡ್ದ. ಒಂದು ನಾಯಿ ಕೂಡ ಇಲ್ಲ. ಮತ್ತೆ ನಡೆದ... ಟಿಕ್... ಟಿಕ್... ಬಾವಿ ಒಳಗಿಂದ. ಗಡಿಯಾರದ್ದಲ್ಲ, ಹಲ್ಲೀದಲ್ಲ. ಉಗುರಲ್ಲಿ ಸ್ಟೀಲ್ ಲೋಟ ತಟ್ಟಿದ ಹಂಗೆ, ಸಣ್ಣಗೆ, ಚೂಪಾಗಿ. ಅದು ಯಾವ ಸದ್ದು ಅಂತ ಅವನಿಗೆ ಗೊತ್ತು. ಗೊತ್ತಿರದೆ ಏನು? ಆ ಸದ್ದು ಮಾಡ್ಸಿದ್ದೇ ಅವನು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಇಲ್ದಿದ್ರೆ ನಿಮಗೆ ತಲೆಬುಡ ತಿಳಿಯಲ್ಲ.

ಗಾಡಿಗಳ ಬಾಗಿಲಿಗೆ ತಗಡು ಒತ್ತೋ ಫ್ಯಾಕ್ಟರಿ ಅದು. ಹೆಸರು ಕೇಳ್ಬೇಡಿ. ಕಿರಣ ಅಲ್ಲಿ ಕಂಪ್ಯೂಟರ್ ಕಡೆಯೋನು. ಒಳಗೆ ಸಾಲಾಗಿ ಪ್ರೆಸ್ಸುಗಳು. ತಗಡು ಇಡೋದು, ಪ್ರೆಸ್ಸು ಮೇಲಿಂದ ಇಳಿದು ಗುದ್ದೋದು. ಒಂದೊಂದು ಪ್ರೆಸ್ಸಿನ ಪಕ್ಕಕ್ಕೂ ಒಂದು ಕರೀ ಸ್ಕ್ರೀನು. ಚಿತ್ರ ಗಿತ್ರ ಏನಿಲ್ಲ, ಬರೀ ಬಿಳೀ ಅಕ್ಷರದ ಸಾಲು. ಪ್ರೆಸ್ಸು ಇಳಿಯೋಕೆ ಮುಂಚೆ ಕಿರಣನ ಪ್ರೋಗ್ರಾಮು ಅದರ ಮೇಲೆ ಒಂದು ಸಾಲು ಬರೀತದೆ, ‘ಇಳೀತಾ ಇದೀನಿ’ ಅನ್ನೋ ಅರ್ಥದ್ದು. ಸಾಲು ಬಂದ ತಕ್ಷಣ ಸ್ಕ್ರೀನು ಟಿಕ್ ಅಂತದೆ. ಟಿಕ್, ಧಡ್. ಟಿಕ್, ಧಡ್. ಶಿಫ್ಟು ಪೂರ್ತಿ ಇದೇ.

ಪ್ರೆಸ್ಸಿನೋರು ಯಾರೂ ಸ್ಕ್ರೀನು ನೋಡಲ್ಲ. ಕಣ್ಣು ತಗಡಿನ ಮೇಲೆ, ಕಿವಿ ಟಿಕ್ ಮೇಲೆ. ಅಷ್ಟು ಪ್ರೆಸ್ಸು ಒಟ್ಟಿಗೆ ಗುದ್ದುವಾಗ ಯಾವ ಧಡ್ ಯಾರದು ಅಂತ ಗೊತ್ತಾಗಲ್ಲವಂತೆ. ಟಿಕ್ ಮಾತ್ರ ಅವರವರ ಕಿವಿ ಪಕ್ಕದಲ್ಲೇ. ಟಿಕ್ ಅನ್ನಲಿಲ್ಲವಾ, ಪ್ರೆಸ್ಸು ನಿಂತೈತೆ, ಕೈ ಹಾಕಿ ಸಿಕ್ಕೊಂಡಿರೋ ಚೂರು ತೆಗೀಬಹುದು. ಯಾರೂ ಹೇಳ್ಕೊಟ್ಟಿದ್ದಲ್ಲ, ಕೆಲಸ ಮಾಡ್ತಾ ಮಾಡ್ತಾ ಬಂದಿದ್ದು. ಕೈ ಅಡ್ಡ ಬಂದ್ರೆ ಪ್ರೆಸ್ಸು ತಡೆಯೋ ಲೈಟು ಒಂದಿತ್ತು. ಕೆಟ್ಟು ಹೋಗಿತ್ತು. ಆಮೇಲೆ ರಿಪೇರಿ ಮಾಡ್ಸೋಣ ಅಂದಿದ್ದ ಗೋಪೀನಾಥ.

ಗೋಪೀನಾಥ ಅಂದ್ರೆ ಅಲ್ಲಿ ಮ್ಯಾನೇಜರು. ದೊಡ್ಡ ಮನುಷ್ಯ, ಹೊಸೂರಲ್ಲೇ ಹುಟ್ಟಿ ಬೆಳೆದೋನು. ಅವನಿಗೆ ‘ಅವ್ರು ಇವ್ರು’ ಅನ್ನೋಕೆ ನಂಗೆ ನಾಲಿಗೆ ಏಳಲ್ಲ, ಏನಾದ್ರೂ ಅಂದ್ಕೊಳ್ಳಿ. ಕನ್ನಡ, ತಮಿಳು, ತೆಲುಗು ಮೂರೂ ನೀರು ಕುಡಿದಂಗೆ ಆಡ್ತಾನೆ. ಮೂರರಲ್ಲೂ ಅವನ ಬಾಯಲ್ಲಿ ಬರೋದು ಒಂದೇ ಮಾತು. ಆಮೇಲೆ.

ಒಂದಿನ ಕಿರಣನ್ನ ಕರೆದು ಪ್ರೆಸ್ಸು ನಿಧಾನ ಆಯ್ತು, ಏನಾದ್ರೂ ಮಾಡು ಅಂದ. ಕಿರಣ ನೋಡ್ದ. ಪ್ರೋಗ್ರಾಮು ಒಂದು ಸಾಲು ಬರೆದು, ಅದು ಸ್ಕ್ರೀನಿಗೆ ಮುಟ್ಟೋವರೆಗೂ ಕಾಯ್ತಾ ನಿಂತು, ಆಮೇಲೆ ಪ್ರೆಸ್ಸು ಇಳಿಸ್ತಿತ್ತು. ಒಂದು ಸಲಕ್ಕೆ ಕಣ್ಣು ಮಿಟುಕಿಸೋಷ್ಟು ಹೊತ್ತು, ಆದ್ರೆ ಶಿಫ್ಟು ಪೂರ್ತಿ ಕೂಡಿದ್ರೆ ಜಾಸ್ತೀನೇ. ನೀವು ಬಸ್ ಸ್ಟ್ಯಾಂಡಲ್ಲಿ ಶೇರ್ ಆಟೋ ನೋಡಿದೀರಲ್ಲ? ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಹೊರಟ್ರೆ ಆಟೋದೋನಿಗೆ ಗಿಟ್ಟಲ್ಲ. ತುಂಬೋವರೆಗೂ ನಿಲ್ಲಿಸ್ಕೊಂಡು ಒಂದೇ ಸಲ ಹೊರಡ್ತಾನೆ. ಅವನಿಗೇನೋ ಲಾಭ, ಮೊದಲು ಹತ್ತಿದೋರು ಬೆವರ್ತಾ ಕೂತಿರ್ಬೇಕು ಅಷ್ಟೆ. ಕಿರಣನೂ ಹಂಗೇ ಮಾಡ್ದ. ಸಾಲುಗಳನ್ನ ಒಳಗೇ ಕೂಡಿ ಹಾಕಿ, ತುಂಬಿದ ಮೇಲೆ ಒಂದೇ ಸಲ ಸ್ಕ್ರೀನಿಗೆ ಸುರಿಯೋ ಹಂಗೆ. ಬಫರು ಅಂತಾರಂತೆ ಅದಕ್ಕೆ. ಪ್ರೆಸ್ಸು ಚುರುಕಾಯ್ತು. ಟಿಕ್ ಮಾತ್ರ ಹೋಯ್ತು. ಎಷ್ಟೋ ಹೊತ್ತು ಮೌನ, ಆಮೇಲೆ ಒಂದೇ ಸಲ ಟರ್ರ್ರ್ರ್ರ್...

ಕಿರಣ ಹೇಳ್ದ, ನಿಜ ಹೇಳ್ಬೇಕಂದ್ರೆ ಹೇಳ್ದ. ಸಾರ್, ಲೆಕ್ಕದ ಸಾಲು ಬೇಕಾದ್ರೆ ನಿಧಾನಕ್ಕೆ ಬರಲಿ, ‘ಇಳೀತಾ ಇದೀನಿ’ ಅನ್ನೋದು ಮಾತ್ರ ಮೊದಲಿನ ಹಂಗೆ ತಕ್ಷಣ ಹೊರಡಬೇಕು, ಅದನ್ನ ಬೇರೆ ಮಾಡ್ಬೇಕು, ಅರ್ಧ ದಿನ ಲೈನು ನಿಲ್ಲಿಸಿ ಅಂದ. ಆಯುಧ ಪೂಜೆಗೆ ಹೆಂಗೂ ನಿಲ್ಲಿಸ್ತೀವಲ್ಲ, ಆಮೇಲೆ ಮಾಡು ಅಂದ ಗೋಪೀನಾಥ. ಹೋಗ್ಲಿ, ಪ್ರೆಸ್ಸಿನೋರಿಗೆ ಒಂದು ಮಾತು ಹೇಳೋಣ ಅಂದ್ರೆ, ಅದೂ ಆಮೇಲೆ, ಈಗ ಯಾರಿಗೂ ಹೇಳಬೇಡ ಅಂದ. ನಮ್ಮ ಕಿರಣ ಆಯ್ತು ಸಾರ್ ಅಂದ್ಕೊಂಡು ಈಚೆಗೆ ಬಂದ.

ಟಿಕ್ ನಂಬೋ ಹಂಗಿಲ್ಲ ಅಂತ ಶಿಫ್ಟಲ್ಲಿ ಇದ್ದೋರು ತಾವೇ ತಿಳ್ಕೊಂಡ್ರು. ಮುನಿಶಾಮಿ ಇರಲಿಲ್ಲ. ಅವನು ನಾಟ್ರಾಂಪಾಳ್ಯದೋನು, ಮಗಳ ಕಿವಿ ಚುಚ್ಚಿಸೋಕೆ ಊರಿಗೆ ಹೋಗಿದ್ದ. ಊರಿಂದ ಬಂದ, ಎಲ್ಲರಿಗೂ ಒಂದೊಂದು ಲಾಡು ಕೊಟ್ಟ, ಪ್ರೆಸ್ಸಿನ ಮುಂದೆ ಹೋಗಿ ನಿಂತ. ಒಳಗೆ ತಗಡಿನ ಚೂರು ಸಿಕ್ಕೊಂಡಿತ್ತು. ಕಿವಿ ಕೊಟ್ಟ. ಟಿಕ್ ಇಲ್ಲ. ಕೈ ಹಾಕ್ದ.

ಧಡ್.

ಅವನನ್ನ ಬಿಡಿಸಿ, ಎತ್ಕೊಂಡು ಗೇಟಿನ ಕಡೆ ಓಡ್ತಾ ಅವ್ರೆ... ಆಗ ಬಂತಂತೆ ಕಣ್ರೇ ಹಿಂದಿಂದ. ಟರ್ರ್ರ್ರ್ರ್. ಇಳೀತಾ ಇದೀನಿ, ಇಳೀತಾ ಇದೀನಿ, ಇಳೀತಾ ಇದೀನಿ. ಎಚ್ಚರಿಕೆ ಎಲ್ಲಾ ಒಟ್ಟಿಗೆ ಬಂತು. ರಕ್ತ ಹರಿದೂ ಹರಿದೂ, ಆಸ್ಪತ್ರೆ ಮುಟ್ಟೋಕೆ ಮುಂಚೆ ಮುನಿಶಾಮಿ ಹೋಗ್ಬುಟ್ಟ.

ಅದಾದ್ರೂ ಪಾಪ ಅನ್ಬಹುದು. ಆಮೇಲೆ ಆ ಗೋಪೀನಾಥ ಮಾಡಿದ್ದು ಕೇಳಿ. ವಿಚಾರಣೆಗೆ ಬಂದೋರಿಗೆ, ಅವನು ಕುಡಿದು ಬಂದಿದ್ದ ಅಂದ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದೋನಲ್ಲ ಮುನಿಶಾಮಿ. ಊರಲ್ಲೆಲ್ಲಾ ಅದೇ ಮಾತಾಯ್ತು. ಮಗಳು ಸ್ಕೂಲಿಗೆ ಹೋದ್ರೆ ಕುಡುಕನ ಮಗಳು ಅಂತಾರೆ. ಹೆಂಡ್ತಿ ಚಂದ್ರಲೇಖಾ ಫ್ಯಾಕ್ಟರಿ ಗೇಟಿಗೆ ಬಂದು ನಿಂತ್ಕೊಂಡ್ಳು. ಅವಳು ಬೇರೇನೂ ಕೇಳಲಿಲ್ಲ. “ಸಾರ್, ಅವ್ರು ಕುಡಿದಿರಲಿಲ್ಲ ಅಂತ ನಾಲ್ಕು ಜನರ ಮುಂದೆ ಒಂದು ಮಾತು ಹೇಳ್ಬುಡಿ, ಸಾಕು.” ಆ ಮಹಾನುಭಾವ ಕಾರಿನ ಗಾಜು ಏರಿಸ್ತಾ ಆಮೇಲೆ ನೋಡೋಣಮ್ಮ ಅಂದ. ನಮ್ಮ ಕಿರಣ ಅಲ್ಲೇ ಗೇಟಲ್ಲಿ ತಲೆ ತಗ್ಗಿಸ್ಕೊಂಡು ನಿಂತಿದ್ದ. ನಂಗೆ ಅದನ್ನ ಹೇಳಿದಾಗ ಎರಡು ಬಾರಿಸ್ಬೇಕು ಅನ್ನಿಸ್ತು. ತಮ್ಮ ಆದ್ರೇನು?

ಈಗ ಬಾವಿಗೆ ಬನ್ನಿ.

ಟಿಕ್... ಟಿಕ್... ಅಂತಿದ್ದಿದ್ದು ನಿಂತು ಹೋಯ್ತು. ಮೌನ. ಟಿಕ್ ಬರದೆ ಇರೋದು ಟಿಕ್‌ಗಿಂತ ಭಯ ಆಯ್ತಂತೆ ಕಿರಣಂಗೆ. ಆಮೇಲೆ ಜಾಲರಿ ಕೆಳಗಿಂದ ಪಿಸುಮಾತು... ಬಾಯಿ ಒಣಗಿದೋರು ಆಡ್ತಾರಲ್ಲ, ಹಂಗೆ.

“ತಂಬೀ...”

ಮುನಿಶಾಮಿ ಎಲ್ಲರನ್ನೂ ಹಂಗೇ ಕರೀತಿದ್ದ.

“ತಂಬೀ... ನಾನು ಕಿವಿ ಕೊಟ್ಟೇ ಕೈ ಹಾಕ್ದೆ ಕಣಪ್ಪ.”

ಅಣ್ಣಾ ಅಂದ ಕಿರಣ.

“ನೀನು ಹೇಳ್ತೀಯಾ... ಇಲ್ಲಾ ನಾನೇ ಆ ಗೋಪೀನಾಥನ ಬಾಯಲ್ಲಿ ಹೇಳ್ಸಲಾ?”

ಇವನು ಏನು ಹೇಳಿರ್ಬಹುದು ಹೇಳಿ? ಪೂಜೆವರೆಗೂ ಟೈಮು ಕೊಡಣ್ಣ ಅಂದನಂತೆ. ಸತ್ತೋರ ಹತ್ರಾನೂ ವಾಯಿದೆ! ಒಳಗೆ ಏನೋ ಸಣ್ಣಗೆ ನಕ್ಕಂಗಾಯ್ತು. ಜಾಲರಿ ಝಣ್ ಅಂತು. ಇವನು ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮಾರನೇ ದಿನ ಗೋಪೀನಾಥನ ಹತ್ರ ಹೋದ. ಸಾರ್, ಮುನಿಶಾಮಿ ವಿಷಯ ನಿಜ ಹೇಳ್ಬುಡೋಣ ಅಂತ ಬೇಡ್ಕೊಂಡ. ಅವನು ಫೋನಿಂದ ತಲೆ ಎತ್ತದೆ ಆಮೇಲೆ ಅಂದ. ಅದಾದ ಮೇಲೆ ಕಿರಣ ಆ ಬಾವಿ ದಾರಿ ಬಿಟ್ಟು ಸುತ್ತಿ ಬಳಸಿ ರೂಮಿಗೆ ಹೋಗೋನು.

ಆಯುಧ ಪೂಜೆ ಬಂತು. ಹಟ್ಟಹಗಲು. ಮೈನ್ ಸ್ವಿಚ್ಚೇ ತೆಗೆದವ್ರೆ, ಪ್ರೆಸ್ಸಿಗೆಲ್ಲಾ ಬಾಳೆಕಂದು, ಚೆಂಡು ಹೂವು, ನಿಂಬೆಹಣ್ಣು. ಆವತ್ತು ಮನೆಯೋರನ್ನೂ ಕರೀತಾರೆ. ಚಂದ್ರಲೇಖಾನೂ ಬಂದಿದ್ಳು, ಕರೀದೇ ಬಂದಿದ್ಳು. ಕೈಯಲ್ಲಿ ಒಂದು ಮೊಳ ಹೂವು. ಗಂಡ ಸತ್ತ ಪ್ರೆಸ್ಸಿಗೆ ಮುಡಿಸೋಕೆ. ಇವಳನ್ನ ನೋಡಿ ಜನ ಗುಸುಗುಸು ಅಂತವ್ರೆ, ಕುಡುಕನ ಹೆಂಡ್ತಿ ಅಂತ. ಗೋಪೀನಾಥ ಅಡ್ಡ ಬಂದ. ಪೂಜೆ ಕೆಡ್ಸಬೇಡ, ಆಮೇಲೆ ಇಡಮ್ಮ ಅಂದವನೇ ತಾನೇ ಕುಂಕುಮದ ತಟ್ಟೆ ತಗೊಂಡು ಆ ಪ್ರೆಸ್ಸಿನ ಹತ್ರ ಹೋದ. ಪ್ರೆಸ್ಸಿನ ಒಳಗೂ ಕುಂಕುಮ ಇಡ್ತಾರಲ್ಲ, ಕೈ ಹಾಕ್ದ.

ಬಾಗಿಲಲ್ಲಿ ಬೂದುಗುಂಬಳ ಒಡೀತಾ ಇದ್ರು. ಎಲ್ಲರೂ ಆ ಕಡೆ ತಿರುಗಿದ್ರು. ಫಟ್ ಅಂತ ಕಾಯಿ ಒಡೀತು, ಮಕ್ಕಳು ಕೇಕೆ ಹಾಕಿದ್ವು. ಗೋಪೀನಾಥನ ಕಡೆಯಿಂದ ಒಂದು ಸದ್ದಿಲ್ಲ. ಹಂಗಾಗಿ ಯಾರೂ ತಿರುಗಿ ನೋಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಕಿರಣ ಕಡ್ಲೆಪುರಿ ಹಂಚ್ತಾ ಆ ಕಡೆ ಬಂದ.

ಪ್ರೆಸ್ಸು ಇಳಿದಿತ್ತು. ಕರೆಂಟಿಲ್ಲ, ಇಳಿದಿತ್ತು. ಗೋಪೀನಾಥನ ಬಲಗೈ ಒಳಗೆ. ಮುಖ ಬಿಳುಪೇರಿ, ಕಣ್ಣು ಹೊರಕ್ಕೆ ಬಂದು, ಬಾಯಿ ಇಷ್ಟಗಲ ತೆಗೆದು ಕಿರುಚ್ತಾ ಅವನೆ... ಶಬ್ದ ಮಾತ್ರ ಇಲ್ಲ. ಗಂಟಲ ನರ ಎಲ್ಲಾ ಉಬ್ಬಿ ಕುಣೀತಾವೆ, ಒಂದು ಚೂರೂ ಶಬ್ದ ಇಲ್ಲ. ಪಕ್ಕದಲ್ಲೇ ನಾಲ್ಕು ಜನ ಹೂವು ಕಟ್ತಾ ಕೂತವ್ರೆ ಕಣ್ರೇ.

ಜ್ಯಾಕು ಹಾಕಿ ಎತ್ತಿದ್ರು, ಆಂಬುಲೆನ್ಸ್ ಬಂತು, ಹೊತ್ಕೊಂಡು ಹೋಯ್ತು. ಹತ್ತಿಸೋವಾಗಲೂ ಬಾಯಿ ತೆಗೆದೇ ಇತ್ತು, ಮೌನ. ಜನ ಎಲ್ಲಾ ಪ್ರೆಸ್ಸಿನ ಸುತ್ತ ಗರ ಬಡಿದಂಗೆ ನಿಂತವ್ರೆ. ಸೈರನ್ನು ಬಾಗಲೂರು ರೋಡಿನ ಕಡೆ ದೂರ ಆಗ್ತಾ ಆಗ್ತಾ... ನಿಂತೇ ಹೋಯ್ತು.

ಆಗ ಸತ್ತ ಸ್ಕ್ರೀನು ಬೆಳಗಿತು.

ಟರ್ರ್ರ್ರ್ರ್ರ್...

ಅದರ ಹಿಂದೇನೇ ಗೋಪೀನಾಥನ ದನಿ. ಮನುಷ್ಯ ಇಲ್ಲ, ದನಿ ಐತೆ. ಅವನು ಆಗ ಕಿರುಚಿದ್ದೆಲ್ಲಾ ಈಗ ಒಂದರ ಮೇಲೊಂದು ಬಂತು. ಅಯ್ಯಮ್ಮಾ ಅನ್ನೋದು, ಕೈ ತೆಗೀರೋ ಅನ್ನೋದು, ಯಾರೂ ನೋಡ್ತಾ ಇಲ್ವೇನ್ರೋ ಅನ್ನೋದು. ಮಕ್ಕಳು ಕಿವಿ ಮುಚ್ಕೊಂಡ್ವು. ಕೊನೆಗೆ ಕಿರುಚಾಟ ನಿಂತು, ಅಳು ಬೆರೆತ ಮಾತು, ಸ್ಪಷ್ಟವಾಗಿ.

“ಮುನಿಶಾಮಿ ಕುಡಿದಿರಲಿಲ್ಲ. ಆ ಟಿಕ್ ನಿಲ್ಸಿದ್ದು ನಾನೇ. ಯಾರಿಗೂ ಹೇಳಬೇಡ ಅಂದಿದ್ದೂ ನಾನೇ.”

ಅಷ್ಟು ಜನ ಕೇಳಿದ್ರು. ಚಂದ್ರಲೇಖಾ ಅಳ್ತಾಳೆ ಅಂದ್ಕೊಂಡ್ರು ಎಲ್ಲ. ಅವಳು ಅಳಲಿಲ್ಲ. ನಿಧಾನವಾಗಿ ಹೋಗಿ, ರಕ್ತ ಒರೆಸದ ಆ ಪ್ರೆಸ್ಸಿಗೆ ಹೂವು ಮುಡಿಸಿದ್ಳು. ಬಗ್ಗಿ, ಗಂಡನ ಕಿವೀಲಿ ಹೇಳೋ ಹಂಗೆ ಪಿಸುಗುಟ್ಟಿದ್ಳು.

“ಇನ್ನೊಂದ್ಸಲ ಹೇಳ್ಸಿ.”

ಟರ್ರ್ರ್ರ್ರ್ರ್... ಮೊದಲಿಂದ ಬಂತು. ಆ ಕಿರುಚಾಟ, ಆ ಅಳು, ಎಲ್ಲಾ. ಅವಳು ಕೈ ಕಟ್ಕೊಂಡು ನಿಂತು ಪೂರ್ತಿ ಕೇಳಿದ್ಳು. ನಂಗೆ ಆ ಭಾಗ ಕೇಳಿದಾಗ ಭಯ ಆಗಲಿಲ್ಲ, ಹೊಟ್ಟೆ ತಣ್ಣಗಾಯ್ತು. ನೀವು ಏನಾದ್ರೂ ಅನ್ಕೊಳ್ಳಿ.

ಕಿರಣ ಅವತ್ತೇ ಸ್ಟೇಷನ್ನಿಗೆ ಹೋಗಿ ತಾನು ಮಾಡಿದ್ದು, ಅವನು ಮಾಡ್ಸಿದ್ದು ಎಲ್ಲಾ ಒಪ್ಪಿಸ್ದ. ಹೋಗೋಕೆ ಮುಂಚೆ ಮೈನ್ ಸ್ವಿಚ್ಚು ಹಾಕಿ, ಎಲ್ಲಾ ಪ್ರೆಸ್ಸಲ್ಲೂ ‘ಇಳೀತಾ ಇದೀನಿ’ ಅನ್ನೋ ಸಾಲನ್ನ ಬೇರೆ ಮಾಡ್ಬುಟ್ಟ. ಲೆಕ್ಕ ಬೇಕಾದ್ರೆ ಕಾಯ್ಲಿ, ಎಚ್ಚರಿಕೆ ಕಾಯೋ ಹಂಗಿಲ್ಲ. ಈಗ ಪ್ರೆಸ್ಸು ಸ್ವಲ್ಪ ನಿಧಾನವಂತೆ, ಹೊಸ ಮ್ಯಾನೇಜರು ಗೊಣಗ್ತಾನಂತೆ. ಗೊಣಗ್ಲಿ. ನಾಟ್ರಾಂಪಾಳ್ಯದಲ್ಲಿ ಆ ಮಗೂನ ಈಗ ಯಾರೂ ಏನೂ ಅನ್ನಲ್ಲ.

ದೆವ್ವ ಗಿವ್ವ ಎಲ್ಲಾ ಕಿರಣನ ತಲೇಲಿ ಅಂತೀಯಾ ಮಾಲಿನಿ? ಸರಿ, ಅವನದು ಬಿಡು. ನಾನೇ ಕೇಳಿದ್ದು ಹೇಳ್ತೀನಿ. ಹೋದ ವಾರ ಮತ್ತಿಗಿರಿಗೆ ಹೋಗಿದ್ದೆ, ಕಿರಣನ ರೂಮಿಗೆ ಬಂದಿರೋ ಚಿಕ್ಕಮ್ಮನ ನೋಡೋಕೆ. ತಿಮ್ಮರಾಜು ಟೀ ಅಂಗಡೀಲಿ ಹಾಲಿನ ಪ್ಯಾಕೆಟ್ ತಗೋಳಕ್ಕೆ ನಿಂತೆ. ಗೋಪೀನಾಥ ಅಲ್ಲೇ ಬೆಂಚಿನ ಮೇಲೆ ಕೂತಿದ್ದ, ಬಲಗೈ ಮೊಣಕೈವರೆಗೇ ಐತೆ. ತಿಮ್ಮರಾಜು ಕೇಳಲೂ ಇಲ್ಲ, ಟೀ ತಂದಿಟ್ಟ. ಗೋಪೀನಾಥ ಬಾಯಿ ಆಡಿಸ್ದ, ತುಟಿ ಆಡ್ತು, ಏನೂ ಕೇಳಿಸ್ಲಿಲ್ಲ. ಕುಡಿದು ಎದ್ದು ಹೋದ.

ಮಾರನೇ ದಿನ ಮತ್ತೆ ಹಾಲಿಗೆ ಹೋದೆ. ಬಿಸಿಲಿತ್ತು. ಅಂಗಡೀಲಿ ನಾನು, ತಿಮ್ಮರಾಜು ಇಬ್ರೇ. ಬೆಂಚು ಖಾಲಿ. ಆ ಖಾಲಿ ಬೆಂಚಿನ ಮೇಲಿಂದ, ಸಕ್ಕರೆ ಕಮ್ಮಿ ಹಾಕಪ್ಪ ಅಂತ ದನಿ ಬಂತು. ನನ್ನ ಈ ಎರಡು ಕಿವಿಯಾರ ಕೇಳ್ದೆ, ನನ್ನ ಮಕ್ಕಳಾಣೆ. ನಾನು ಪ್ಯಾಕೆಟ್ ಕೈಬಿಟ್ಟೆ. ತಿಮ್ಮರಾಜು ತಲೆ ಎತ್ತಲಿಲ್ಲ, ಲೋಟ ತೊಳೀತಾನೇ ಇದ್ದ.

“ಹೆದರ್ಬೇಡಕ್ಕ,” ಅಂದ, “ಅದು ನಿನ್ನೇದು.”