ಚಿಕ್ಕಣ್ಣ ಕೆಡವಿದ ಬಚ್ಚಲು

"ಹಲೋ... ಯಾರು ಮಾತಾಡೋದು? ಹಾಂ, ಪದ್ಮಶ್ರೀನಾ? ಎಂಗಿದ್ದೀಯ ಮಗಾ? ಉಂಡ್ಯಾ?"

ಗುರುಪುರದ ಚಿಕ್ಕಣ್ಣ ಕೆಡವಿದ ಬಚ್ಚಲಿನ ಇಟ್ಟಿಗೆ ರಾಶಿಯ ಮೇಲೆ ಕುಳಿತೇ ಫೋನೆತ್ತಿದ್ದ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕಾದ ಮಗಳನ್ನು ಒಂಬತ್ತು ತುಂಬುತ್ತ ಬಂದರೂ ಸರಗೂರಿನ ಗಂಡನ ಮನೆಯಲ್ಲೇ ಬಿಟ್ಟಿದ್ದ. ಅವಳು ಏನು ಕೇಳುತ್ತಾಳೆಂದು ಗೊತ್ತಿದ್ದರಿಂದ ಅವಳ ಮಾತು ಮುಗಿಯಲು ಬಿಡಲಿಲ್ಲ.

...

"ಗೊತ್ತು ಕಣವ್ವ, ಏಳ್ರಲ್ಲೇ ಕರ್ಕೊಂಡ್ ಬರ್ಬೇಕಿತ್ತು. ಬಚ್ಚಲು ಮುಗೀಲಿ ಅಂತ ತಡ್ದೆ. ಟೈಲ್ಸ್ ಬಂದಾಗದೆ. ಗಾರೆಯೋನು ಸೋಮವಾರ ಬತ್ತೀನಿ ಅಂದವ್ನೆ."

...

"ಹಾಂ? ಹಳೇದೇ ಸಾಕಿತ್ತಾ? ಅದೆಂಗೆ ಸಾಕಾಯ್ತದೆ? ನಿಮ್ಮತ್ತೆ ಬಂದಿದ್ದಾಗ ಅಂಡೆ ಒಲೆ ಹೊಗೆಗೆ ಸೆರಗಲ್ಲಿ ಮೂಗ್ ಮುಚ್ಕಂಡ್ಲಲ್ವಾ? ನಾನು ನೋಡ್ದೆ ಕಣವ್ವ. ನಿಮ್ ದೊಡ್ಡಪ್ಪ ಮಗಳ ಬಾಣಂತನಕ್ಕೆ ಅಂತ ರೂಮೊಳಗೇ ಬಚ್ಚಲು ಕಟ್ಸಿ ಗೀಸರ್ ಹಾಕ್ಸವ್ನೆ. ಗೋಡೆ ಆಚೆ ಅವ್ನು ಅಂಗೆ, ಈಚೆ ನಾನು ಇಂಗೆ. ಬಂದ ಬೀಗ್ರು ಎರಡೂ ಮನೆ ನೋಡ್ತಾರಲ್ವಾ?"

ಅಣ್ಣ ಕಾಂತರಾಜು ಎಂದೂ ಒಂದು ಚುಚ್ಚುಮಾತು ಆಡಿದವನಲ್ಲ. ಆದರೂ ಆ ಮನೆ ಕಂಡಾಗೆಲ್ಲ ಚಿಕ್ಕಣ್ಣನಿಗೆ ತಾನು ಕುಗ್ಗಿದಂತಾಗುತ್ತಿತ್ತು. ಆ ಹಟದಲ್ಲೇ ಗಟ್ಟಿಮುಟ್ಟಾಗಿದ್ದ ನೀರೊಲೆಗೆ ಹಾರೆ ಹಾಕಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಬೇಡಿಕೊಂಡ ಹೆಂಡತಿ ಸುನಂದಮ್ಮ, ಕೊನೆಗೆ ಪಿರಿಯಾಪಟ್ಟಣದ ತಮ್ಮನ ಮನೆಗೆ ಹೋಗುತ್ತೇನೆಂದು ಮೂರು ದಿನದ ಹಿಂದೆ ಹೊರಟಿದ್ದಳು.

...

"ಬಸ್ಸಾ? ತುಂಬಿದ ಬಸ್ರಿ ಬಸ್ಸಲ್ ಬರೋದಾ? ನಿಮ್ ದೊಡ್ಡಪ್ಪ ಅವ್ನ್ ಮಗಳ್ನ ಕಾರಲ್ ಕರ್ಕೊಂಡ್ ಬಂದ. ನಾನೂ ಕಾರೇ ತತ್ತೀನಿ, ಇನ್ನೊಂದ್ ವಾರ..."

...

"ಏನಂದೆ? ಹೆರಿಗೆ ಆಯ್ತಾ? ಯಾವಾಗ?... ಮೊನ್ನೇನಾ? ಹೆಣ್ಣಾ? ಇಬ್ರೂ ಚೆನ್ನಾಗಿದ್ದೀರಾ?... ಅಯ್ಯೋ ನನ್ನವ್ವ, ನನಗ್ಯಾಕೆ ಯಾರೂ ಯೇಳ್ಲಿಲ್ಲ?"

...

"ಅಳಬ್ಯಾಡ ಬುಡು. ಆಸ್ಪತ್ರೇಲಿ ಜೊತೆಗ್ಯಾರವ್ರೆ?... ನಿಮ್ಮವ್ವನಾ? ಪಿರಿಯಾಪಟ್ಟಣಕ್ಕೆ ವೋಗ್ಲಿಲ್ವಾ?... ನನಗೆ ಸುಳ್ ಯೇಳಿ ಬಂದ್ಲಾ? ಯಾರ್ ಕರ್ಕೊಂಡ್ ಬಂದ್ರು?... ಹಾಂ? ನಮ್ಮಣ್ಣನಾ?"

ಚಿಕ್ಕಣ್ಣ ಗೋಡೆಯ ಕಡೆ ತಿರುಗಿದ. ಮೂರು ದಿನದಿಂದ ಗೋಡೆಯಾಚೆ ಅಣ್ಣನ ದನಿ ಕೇಳಿರಲಿಲ್ಲ. ಕೇಳದಿದ್ದದ್ದೇ ನೆಮ್ಮದಿ ಎಂದುಕೊಂಡಿದ್ದ.

...

"ನಾಳೆ ಬುಡ್ತಾರಾ? ಬಾ ಮಗಾ, ಬಾ... ಹಾಂ? ದೊಡ್ಡಪ್ಪನ ಮನೇಗಾ? ನಾನ್ ಬದ್ಕಿರೋವಾಗ ನಿಂಗೆ ಅಲ್ಲಿ ಬಾಣಂತನವಾ?... ಯಾಕೆ? ಇಲ್ಲಿ ನೀರ್ ಉಯ್ಯಕ್ಕೆ ಜಾಗ ಇಲ್ಲ ಅಂತಾನಾ?... ನಿಮ್ಮವ್ವನೇ ಅಂಗಂದ್ಲಾ?"

...

"ಅಂಗನ್ಬ್ಯಾಡ ಕಣವ್ವ. ಹಿತ್ಲಲ್ಲಿ ಮೂರ್ ಕಲ್ಲಿಟ್ಟು ನೀರ್ ಕಾಯಿಸ್ತೀನಿ. ತಡಿಕೆ ಕಟ್ಟಿ ಮರೆ ಮಾಡ್ತೀನಿ, ಈಗ್ಲೇ ಮಾಡ್ತೀನಿ. ಬಸ್ಸಲ್ಲೇ ಬಾ, ಪರ್ವಾಗಿಲ್ಲ. ಮಗೂನ ಎತ್ಕಂಡು ನನ್ ಬಾಗ್ಲು ದಾಟ್ಕಂಡು ಅವ್ನ ಬಾಗ್ಲಿಗೆ ವೋದ್ರೆ ಬೀದಿಯೋರು ಏನಂದ್ಕಂಡಾರು, ಅಲ್ವಾ?... ಪದ್ಮಾ?... ಹಲೋ?... ಹಲೋ?"

ಮಗಳು ಫೋನಿಟ್ಟಿದ್ದಳು.