ಬಾವ್ಯಾಗಿನ ಮೊಡೆಮ್ ಸಪ್ಪಳ

ಇದು ನಮ್ಮ ಕಾಕಾನ ಮಗ ಹುಚ್ಚೇಶಗ ಆಗಿದ್ದು. ಎಂಬತ್ತೆಂಟನೇ ಇಸವಿ. ಬಾಗಲಕೋಟ್ಯಾಗ ಒಂದ ಆಫೀಸಿನಾಗ ಅಂವಂದು ಕಂಪ್ಯೂಟರ್ ಕೆಲಸ. ರೂಮಿನಾಗ ಅಂವನ ಕೂಡ ನಾನೂ ಇರ್ತಿದ್ನಿ.

ಅವತ್ತ ರಾತ್ರಿ ಹನ್ನೊಂದು ಹೊಡದಿತ್ತು. ರೂಮಿಗೆ ಬರಾಕ ಹತ್ಯಾನ... ಹಾಳಬಾವಿ ದಾಟಬೇಕು, ಬಾವಿ ಒಳಗಿಂದ ಸಪ್ಪಳ. ಮೊದಲ 'ಟೀಂ...' ಅಂತ ಸಣ್ಣ ಸಿಳ್ಳು. ಆಮ್ಯಾಲ 'ಕರ್ರ್... ಕರ್ರ್... ಶ್ಶ್ಶ್...'

ಅಂವಗ ಗೊತ್ತಾತು. ಮೊಡೆಮ್.

ಆರು ತಿಂಗಳ ಹಿಂದಿನ ಮಾತು ಹೇಳ್ಬೇಕು. ಇಳಕಲ್ಲಿನ ಮನ್ಯಾಗ ಹುಚ್ಚೇಶ ಒಂದ ಕಂಪ್ಯೂಟರ್ ಇಟ್ಟಿದ್ದ, ಸೀರಿ ಸೆರಗಿನ ನಕ್ಷಿ ತಗಿಯಾಕ. ಮೊಡೆಮ್ ಅನ್ನೂ ಡಬ್ಬಿ ಹಚ್ಚಿ ಅದನ್ನ ಫೋನಿಗೆ ಕೂಡಿಸಿದ್ದ, ಆಫೀಸಿನಾಗೂ ಅಂಥಾದೊಂದ ಇತ್ತು. ರಾತ್ರಿ ಆಫೀಸಿನಿಂದ ಫೋನ್ ಹಚ್ಚಿ, ಮನಿ ಕಂಪ್ಯೂಟರಿನಾಗಿನ ನಕ್ಷಿ ಇಲ್ಲೇ ಕುಂತು ತಿದ್ದತಿದ್ದ. ಅಷ್ಟೊತ್ತೂ ಆ ಫೋನಿನಾಗ ಮಾತು ಹೋಗ್ತಿರಲಿಲ್ಲ, ಬರೇ ಸಪ್ಪಳ. ಆ ಓಣಿಗೆಲ್ಲಾ ಅದೊಂದ ಫೋನು. ಒಂದಿನ ರಾತ್ರಿ ಬಾಜೂ ಮನಿ ನೇಕಾರ ಇಮಾಮಸಾಬಗ ಎದಿನೋವು ಬಂತು. ಅಂವನ ಹೆಂಡ್ತಿ ಹುಸೇನಬಿ ಡಾಕ್ಟರಿಗೆ ಫೋನ್ ಮಾಡಾಕ ಓಡಿ ಬಂದ್ಳು. ಹುಚ್ಚೇಶನ ಹೆಂಡ್ತಿ ರತ್ನಾಬಾಯಿ ಎಷ್ಟ ಸಲ ಎತ್ತಿದ್ರೂ 'ಶ್ಶ್ಶ್...' ಅಷ್ಟ.

ಇಮಾಮಸಾಬ ಉಳೀಲಿಲ್ಲ.

"ಲೈನ್ ಕೆಟ್ಟಿತ್ತು" ಅಂದ ಹುಚ್ಚೇಶ. ಎಲ್ಲಾರ ಮುಂದೂ ಅಂದ. ಮಣ್ಣ ಕೊಡೂವಾಗೂ ಅಂದ. ಮನಿ ಮೊಡೆಮ್ ಬಿಚ್ಚಿ ಅಲ್ಲೇ ಟ್ರಂಕಿನಾಗ ಹಾಕಿ ಕೀಲಿ ಜಡದ.

ಈಗ ಅದ ಸಪ್ಪಳ... ಬಾವ್ಯಾಗ!

ಅಂಜಿ ಆಫೀಸಿಗೆ ಓಡಿದ. ಹೆಂಡ್ತಿ ಧ್ವನಿ ಕೇಳಿದ್ರ ಧೈರ್ಯ ಬರ್ತೈತಿ ಅಂತ ಮನಿಗೆ ಫೋನ್ ಹಚ್ಚಿದ. ಎತ್ತಿದ್ದು ರತ್ನಾಬಾಯಿ ಅಲ್ಲ.

'ಟೀಂ... ಶ್ಶ್ಶ್...'

ಲೈನ್ ಆಫೀಸಿನ ಕಂಪ್ಯೂಟರಿಗೆ ಕೊಟ್ಟ. ಪರದೆ ಮ್ಯಾಲ ಒಂದೊಂದ ಇಂಗ್ಲಿಷ್ ಅಕ್ಷರ ಬಂತು. ಕೂಡಿಸಿ ಓದಿದ್ರ ನಮ್ಮ ಕನ್ನಡ...

'ಡಾಕ್ಟರಿಗೆ ಫೋನ್ ಹತ್ತಿತೇನ ತಮ್ಮಾ?'

ನಸುಕಿನ್ಯಾಗ ಬಂದು ನನ್ನ ಎಬ್ಬಿಸಿದ. "ಏಳಲೇ... ಇಳಕಲ್ಲಿಗೆ ನನ್ ಕೂಡ ಬಾ" ಅಂತ ಪಿಸುಗುಟ್ಟಿದ. ಬಸ್ಸಿನಾಗ ಎಲ್ಲಾ ಹೇಳಿದ. ಮನಿಗೆ ಹೋಗಿ ನೋಡಿದ್ರ ಟ್ರಂಕಿನ ಕೀಲಿ ಹಾಂಗ ಐತಿ.

"ನಿನ್ನಿ ಸಂಜಿಯಿಂದ ಕರೆಂಟ ಇಲ್ರಿ. ಫೋನೂ ಬರಲಿಲ್ಲ" ಅಂದ್ಳು ರತ್ನಾಬಾಯಿ.

ಹುಚ್ಚೇಶ ಸೀದಾ ಹುಸೇನಬಿ ಮನಿಗೆ ಹೋದ. ನಾನೂ ಹಿಂದ ಹೋದ್ನಿ.

"ಚಾಚೀ... ಅವತ್ತ ಲೈನ್ ಕೆಟ್ಟಿರಲಿಲ್ಲ. ನಾನ ಹಿಡಕೊಂಡ ಕುಂತಿದ್ನಿ."

ಆಕಿ ಬೈಲಿಲ್ಲ. ಹೋಗ್ಲಿ ಬಿಡು ಅಂತನೂ ಅನಲಿಲ್ಲ. ಒಳಗ ಹೋಗಿ ಚಾ ಮಾಡಿ ತಂದಿಟ್ಳು. ಮನ್ಯಾಗ ನಾವ ಮೂರ ಮಂದಿ. ಕಪ್ಪು ನಾಕು.

ನಂಬ್ರಿ, ಬಿಡ್ರಿ. ಎದ್ದು ಬರೂವಾಗ ನಾ ಕಣ್ಣಾರೆ ನೋಡೇನಿ... ನಾಕೂ ಖಾಲಿ.